ಇಂಪ್ಲಾಂಟ್ ಕ್ಯಾಪ್‌ಗೆ ಯಾಕೆ ಅಷ್ಟೊಂದು ದುಡ್ಡು?

ನಾನು ಡೆಂಟಲ್ ಲ್ಯಾಬ್‌ನಲ್ಲಿ ಹಲ್ಲು ಮಾಡುವವನು. ಗೊತ್ತಿದ್ದವರು ಯಾರಾದರೂ ಇಂಪ್ಲಾಂಟ್ ಹಾಕಿಸಲು ಹೊರಟರೆ, ಡಾಕ್ಟರು ಬರೆದುಕೊಟ್ಟ ಖರ್ಚಿನ ಚೀಟಿಯ ಫೋಟೊ ನನಗೆ ಬಂದೇ ಬರುತ್ತದೆ. ಜೊತೆಗೆ ಅದೇ ಪ್ರಶ್ನೆ: "ಮೂಳೆಗೆ ಸ್ಕ್ರೂ ಕೂರಿಸೋದಕ್ಕೆ ದುಡ್ಡು ತಗೊಳ್ಳಲಿ, ಸರಿ. ಮೇಲಿನ ಕ್ಯಾಪ್‌ಗೂ ಬೇರೆ ಇಷ್ಟೊಂದಾ? ಮಾಮೂಲಿ ಕ್ಯಾಪ್ ಇದಕ್ಕಿಂತ ಎಷ್ಟೋ ಕಡಿಮೆಗೆ ಆಗುತ್ತಲ್ಲ?"

ಕೇಳುವುದರಲ್ಲಿ ತಪ್ಪಿಲ್ಲ. ಕನ್ನಡಿಯಲ್ಲಿ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ವ್ಯತ್ಯಾಸ ಇರುವುದು ಒಸಡಿನ ಕೆಳಗೆ.

ಮಾಮೂಲಿ ಕ್ಯಾಪ್ ಅಂದರೆ ಇರುವ ಹಲ್ಲನ್ನೇ ಸುತ್ತಲೂ ಸವೆಸಿ, ಅದರ ಮೇಲೆ ಟೋಪಿಯ ಹಾಗೆ ಕೂರಿಸುವುದು. ಇಂಪ್ಲಾಂಟ್‌ನಲ್ಲಿ ಹಲ್ಲೇ ಇಲ್ಲ. ಬೇರಿನ ಜಾಗದಲ್ಲಿ ಟೈಟೇನಿಯಂ ಲೋಹದ ಸ್ಕ್ರೂ ಇರುತ್ತದೆ, ಇಂಪ್ಲಾಂಟ್ ಅನ್ನುವುದು ಅದನ್ನೇ. ಅದನ್ನು ಮೂಳೆ ಕಚ್ಚಿಕೊಳ್ಳಲಿ ಎಂದು ಸಾಮಾನ್ಯವಾಗಿ 3ರಿಂದ 6 ತಿಂಗಳು ಬಿಡುತ್ತಾರೆ. ಆಮೇಲೆ ಅದಕ್ಕೊಂದು ಗಿಡ್ಡ ಕಂಬ, ಅಂದರೆ ಅಬಟ್‌ಮೆಂಟ್. ಕಂಬದ ಮೇಲೆ ಕ್ಯಾಪ್. ಇವನ್ನು ಹಿಡಿದಿಡಲು ಒಂದು ಪುಟ್ಟ ಸ್ಕ್ರೂ.

ಹಾಗಾಗಿ ಚೀಟಿ ಬಂದ ಕೂಡಲೇ ನಾನು ಕೇಳುವುದು ಒಂದೇ. 'ಕ್ಯಾಪ್' ಅಂತ ಬರೆದ ಕಡೆ ಅಬಟ್‌ಮೆಂಟೂ ಸೇರಿದೆಯಾ? ಎರಡು ಕ್ಲಿನಿಕ್‌ಗಳ ರೇಟಿನಲ್ಲಿ ಅಜಗಜಾಂತರ ಕಂಡಾಗ ಬಹಳ ಸಲ ವಿಷಯ ಇಷ್ಟೇ ಇರುತ್ತದೆ. ಒಬ್ಬರು ಎಲ್ಲ ಸೇರಿಸಿ ಹೇಳಿದ್ದಾರೆ, ಇನ್ನೊಬ್ಬರು ಒಂದು ತುಂಡಿನ ಲೆಕ್ಕ ಕೊಟ್ಟಿದ್ದಾರೆ. ಸ್ಕ್ಯಾನ್, ತಾತ್ಕಾಲಿಕ ಹಲ್ಲು, ಮೂಳೆ ಸಾಲದಿದ್ದರೆ ತುಂಬಿಸುವ ಖರ್ಚು, ಇವೂ ಹಾಗೆಯೇ ಒಳಗೆ ಹೊರಗೆ ಓಡಾಡುತ್ತವೆ.

ಇನ್ನು ನಮ್ಮ ಮೇಜಿಗೆ ಬರೋಣ. ಇಂಪ್ಲಾಂಟ್ ಎಷ್ಟು ಆಳದಲ್ಲಿದೆ, ಯಾವ ಕಡೆ ವಾಲಿದೆ ಎಂದು ತಿಳಿಯಲು ಅದರ ಮೇಲೆ ಒಂದು ಬಿಡಿಭಾಗ ಬಿಗಿದು ಡಾಕ್ಟರು ಅಳತೆ ತೆಗೆಯುತ್ತಾರೆ, ಇಲ್ಲವೇ ಸ್ಕ್ಯಾನ್ ಮಾಡುತ್ತಾರೆ. ನಾವು ಮಾಡುವ ಅಚ್ಚಿನೊಳಗೆ ಆ ಇಂಪ್ಲಾಂಟಿನದೇ ಒಂದು ನಕಲು ಕೂರುತ್ತದೆ. ಈ ತುಂಡುಗಳೆಲ್ಲ ಕಂಪನಿಗೊಂದು ಥರ. ಒಬ್ಬರದು ಇನ್ನೊಬ್ಬರದಕ್ಕೆ ಸುಮ್ನೆ ಹೊಂದುವುದಿಲ್ಲ.

ಜಿರ್ಕೋನಿಯಾ ಎಂಬ ಬಿಳಿ ಸೆರಾಮಿಕ್‌ನ ಕ್ಯಾಪ್ ಆದರೆ ಸೀಮೆಸುಣ್ಣದಷ್ಟು ಮೆತ್ತಗಿನ ಬಿಲ್ಲೆಯಿಂದ ಶುರು. ಮಷೀನು ಅದರಲ್ಲಿ ಹಲ್ಲು ಕೊರೆಯುತ್ತದೆ, ಆದರೆ ಬೇಕಾದ್ದಕ್ಕಿಂತ ಸುಮಾರು ಕಾಲು ಭಾಗ ದೊಡ್ಡದಾಗಿ. ಆಮೇಲೆ 1500 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಕುಲುಮೆಯಲ್ಲಿ ಗಂಟೆಗಟ್ಟಲೆ ಬೆಂದು ಕುಗ್ಗಿ, ಗಟ್ಟಿಯಾಗಿ, ಅಳತೆಗೆ ಬರುತ್ತದೆ. ದವಡೆ ಹಲ್ಲಿಗೆ ಅಷ್ಟು ಸಾಕು. ಬಣ್ಣ ಹಚ್ಚಿ ಹೊಳಪು ಕೊಟ್ಟರೆ ಮುಗಿಯಿತು.

ಮುಂದಿನ ಹಲ್ಲಿನದು ಬೇರೆಯದೇ ಕಥೆ. ಪಿಂಗಾಣಿ ಪುಡಿಯನ್ನು ಕಲಸಿ, ಬ್ರಷ್ಷಿನಲ್ಲಿ ಪದರ ಪದರವಾಗಿ ಕಟ್ಟಿ, ಸುಟ್ಟು, ಮತ್ತೆ ಕಟ್ಟಿ ಮತ್ತೆ ಸುಡಬೇಕು. ಮುಂದಿನ ನಾಲ್ಕೂ ಹಲ್ಲು ಮಾಡಿಕೊಡು ಅಂದರೆ ನನಗೆ ಖುಷಿ. ಒಂದೇ ಮಾಡು, ಪಕ್ಕದ ಹಲ್ಲಿಗೆ ಹೊಂದಬೇಕು ಅಂದರೆ ಅವತ್ತು ತಲೆನೋವು! ಒಸಡು ತೆಳ್ಳಗಿದ್ದರೆ ಟೈಟೇನಿಯಂ ಕಂಬದ ಬೂದು ಬಣ್ಣ ಬೇರೆ ಇಣುಕುತ್ತದೆ. ಆಗ ಬಿಳಿ ಜಿರ್ಕೋನಿಯಾದ ಕಂಬ ಮಾಡಬೇಕು. ಖರ್ಚು ಏರುವುದು ಹೀಗೆ.

"ಹಾಗಾದರೆ ಎಲ್ಲಿ ಉಳಿಸಬಹುದು?" ಇದು ಎರಡನೇ ಪ್ರಶ್ನೆ. ಹಿಂದಿನ ಹಲ್ಲಿನ ಅಂದದಲ್ಲಿ ಉಳಿಸಿ. ಅಲ್ಲಿ ಪದರದ ಪಿಂಗಾಣಿ ಬೇಕಾಗಿಲ್ಲ, ಇಡಿಯಾದ ಜಿರ್ಕೋನಿಯಾ ನಡೆಯುತ್ತದೆ. ಲೋಹದ ಮೇಲೆ ಪಿಂಗಾಣಿ ಹಾಕಿದ್ದೂ ಎಷ್ಟೋ ಬಾಯಿಗಳಲ್ಲಿ ಚೆನ್ನಾಗಿಯೇ ಇದೆ. ಉಳಿಸಬಾರದ ಜಾಗ ಎಂದರೆ ಕಂಬ ಮತ್ತು ಇಂಪ್ಲಾಂಟ್ ಕೂಡುವ ಕೀಲು. ಅಲ್ಲಿ ಅಗ್ಗದ, ಅಳತೆ ಸರಿಯಿಲ್ಲದ ಭಾಗ ಬಿದ್ದರೆ ಸ್ಕ್ರೂ ಮತ್ತೆ ಮತ್ತೆ ಸಡಿಲವಾಗುತ್ತದೆ, ಕೆಲವೊಮ್ಮೆ ಮುರಿದೂ ಹೋಗುತ್ತದೆ.

ಕ್ಯಾಪನ್ನು ಅಂಟಿನಿಂದ ಕೂರಿಸುತ್ತಾರಾ, ಸ್ಕ್ರೂನಿಂದಲಾ ಅಂತಲೂ ಕೇಳಿ. ಅಂಟು ಒಸಡಿನ ಕೆಳಗೆ ಉಳಿದುಬಿಟ್ಟರೆ ಒಸಡು ಊದಿ, ನಿಧಾನಕ್ಕೆ ಮೂಳೆ ಕರಗಬಹುದು. ಕ್ಯಾಪ್ ತೆಗೆಯಬೇಕಾದರೆ ಬಹಳ ಸಲ ಒಡೆಯಬೇಕು. ಸ್ಕ್ರೂನದಾದರೆ ಹಲ್ಲಿನ ಮಧ್ಯೆ ಒಂದು ತೂತು ಇರುತ್ತದೆ. ಅದನ್ನು ಮುಚ್ಚಿದ ಗುರುತು ಸ್ವಲ್ಪ ಕಾಣುತ್ತದೆ, ಆದರೆ ಬಿಚ್ಚಿ ರಿಪೇರಿ ಮಾಡಬಹುದು. ನನ್ನ ಓಟು ಸ್ಕ್ರೂಗೆ. ಎಲ್ಲ ಕೋನದಲ್ಲೂ ಅದು ಸಾಧ್ಯವಾಗುವುದಿಲ್ಲ, ಅದು ಡಾಕ್ಟರು ನೋಡಿ ಹೇಳುವ ಮಾತು.

ಬಿಚ್ಚುವ ಮಾತು ಈಗಲೇ ಯಾಕೆ ಅಂದರೆ, ಕ್ಯಾಪ್ ಇಂಪ್ಲಾಂಟಿನಷ್ಟು ಬಾಳಬೇಕೆಂದಿಲ್ಲ. ಸ್ವೀಡನ್ನಿನ ವೈದ್ಯ-ಸಂಶೋಧಕ ಬ್ರೋನೆಮಾರ್ಕ್ 1965ರಲ್ಲಿ ತಮ್ಮ ಮೊದಲ ರೋಗಿಗೆ ಹಾಕಿದ ಟೈಟೇನಿಯಂ ಇಂಪ್ಲಾಂಟುಗಳು 40 ವರ್ಷ ದಾಟಿ, ಆ ಮನುಷ್ಯ ತೀರಿಕೊಳ್ಳುವವರೆಗೂ ಇದ್ದವು. ಕ್ಯಾಪ್ ಮಾತ್ರ ದಿನವೂ ಅಗಿಯುವ ಏಟು ತಿನ್ನುತ್ತದೆ. ಸ್ವಂತ ಹಲ್ಲಿನ ಬೇರಿಗೂ ಮೂಳೆಗೂ ನಡುವೆ ಮೆತ್ತನೆಯ ನಾರಿನ ಪದರ ಇರುತ್ತದೆ. ಇಂಪ್ಲಾಂಟಿಗೆ ಆ ಮೆತ್ತೆ ಇಲ್ಲ. ಪಿಂಗಾಣಿ ಚಕ್ಕೆ ಏಳಬಹುದು, ಹಲವು ವರ್ಷಗಳ ಮೇಲೆ ಹೊಸದನ್ನೇ ಮಾಡಿಸಬೇಕಾಗಬಹುದು. ಆಗ ಹೊಸ ಕ್ಯಾಪಿನ ಖರ್ಚು ಮಾತ್ರ ಬರುತ್ತದೆ, ಇಂಪ್ಲಾಂಟಿನದು ಮತ್ತೆ ಬರುವುದಿಲ್ಲ.

ಒಬ್ಬರು ಅಲ್ಲಾಡುವ ಕ್ಯಾಪ್ ಹಿಡಿದುಕೊಂಡು ಬಂದಿದ್ದರು. ಹಾಕಿದ್ದು ಬೇರೆ ಊರಲ್ಲಿ. ಆ ಕ್ಲಿನಿಕ್ ಈಗ ಇಲ್ಲ. ಯಾವ ಕಂಪನಿ, ಎಷ್ಟು ದಪ್ಪ, ಏನೂ ಗೊತ್ತಿಲ್ಲ. ಎಕ್ಸ್‌ರೇ ನೋಡಿ ಆಕಾರ ಊಹಿಸಿ, ಒಂದೊಂದೇ ಸ್ಕ್ರೂ ತರಿಸಿ ನೋಡುವುದರಲ್ಲಿ ವಾರಗಳು ಹೋದವು. ಕೊನೆಗೆ ಹೊಂದಿದ ಸ್ಕ್ರೂ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು, ಅಷ್ಟೇ. ಇಂಪ್ಲಾಂಟ್ ಹಾಕಿದ ದಿನ ಕಂಪನಿ ಹೆಸರು, ಅಳತೆ, ಲಾಟ್ ನಂಬರ್ ಇರುವ ಕಾರ್ಡು ಅಥವಾ ಸ್ಟಿಕ್ಕರ್ ಕೇಳಿ ಇಸ್ಕೊಳ್ಳಿ. ಖರ್ಚಿನ ಚೀಟಿಯ ಫೋಟೊ ನನಗೆ ಕಳಿಸಿದ ಹಾಗೆಯೇ ಅದರದ್ದೂ ಒಂದು ಫೋಟೊ ತೆಗೆದಿಟ್ಟುಕೊಳ್ಳಿ.