ಅಟ್ಟದ ಮೇಲಿನ ಮರ್ಫಿ

ಅಟ್ಟ ಗುಡಿಸುವಾಗ ಅಜ್ಜನ ಮರ್ಫಿ ರೇಡಿಯೋ ಸಿಕ್ಕಿತು. ಹಿಂದಿನ ರಟ್ಟನ್ನು ಇಲಿ ಕಡಿದಿದೆ, ಹೆಸರು ಮಾತ್ರ ಹಾಗೇ ಇದೆ. ಈ ಮರ್ಫಿ ಯಾರಪ್ಪಾ ಅಂತ ಸುಮ್ನೆ ಹುಡುಕಿದೆ. 1929ರಲ್ಲಿ ಇಂಗ್ಲೆಂಡಿನಲ್ಲಿ ಕಂಪನಿ ಶುರು ಮಾಡಿದವರಲ್ಲಿ ಒಬ್ಬರು ಫ್ರಾಂಕ್ ಮರ್ಫಿ. ಆದರೆ ಹೆಸರಿನ ಬೇರು ಐರ್ಲೆಂಡಿನದು.

ಐರಿಶ್‌ನಲ್ಲಿ ಅದು 'ಓ ಮುರಹೂ'. 'ಮುರ್' ಅಂದರೆ ಕಡಲು, ಪೂರ್ತಿ ಹೆಸರಿಗೆ ಕಡಲ ಕಲಿ ಅಂತ ಅರ್ಥ. 'ಓ' ಅಂದರೆ ಮೊಮ್ಮಗ, ಆ ವಂಶದವನು. ಮಗಳಾದರೆ 'ಓ' ಹೋಗಿ 'ನೀ' ಬರುತ್ತದೆ, ಸೊಸೆಯಾದರೆ 'ಈ'. ಎಷ್ಟು ಚೆಂದ ಅಲ್ವಾ? ಇಂಗ್ಲಿಷರ ಕಾಲದಲ್ಲಿ ಹೆಸರನ್ನು ಇಂಗ್ಲಿಷಿಗೆ ಬಗ್ಗಿಸುವಾಗ ಇದೆಲ್ಲ ಉದುರಿಹೋಯಿತು. ಓಬ್ರಿಯನ್, ಓಕಾನರ್‌ಗಳಲ್ಲಿ 'ಓ' ಉಳಿದಿದೆ, ಮರ್ಫಿಗೆ ಮತ್ತೆ ಅಂಟಲಿಲ್ಲ.

ಇವತ್ತು ಐರ್ಲೆಂಡಿನಲ್ಲಿ ಎಲ್ಲಕ್ಕಿಂತ ಜಾಸ್ತಿ ಜನರಿಗಿರುವ ಸರ್‌ನೇಮ್ ಇದೇ. ಕಾರ್ಕ್, ವೆಕ್ಸ್‌ಫರ್ಡ್ ಕಡೆ ಕೂಗಿದರೆ ಹತ್ತು ಜನ ತಿರುಗಿ ನೋಡುತ್ತಾರೇನೋ. 2024ರಲ್ಲಿ ಆಸ್ಕರ್ ಗೆದ್ದ ನಟ ಕಿಲಿಯನ್ ಮರ್ಫಿ ಕೂಡ ಕಾರ್ಕಿನವರೇ. ಇಂಗ್ಲಿಷ್ ಆಡುಮಾತಿನಲ್ಲಿ ಮರ್ಫಿ ಅಂದರೆ ಆಲೂಗಡ್ಡೆಯೂ ಹೌದು!

ಅಜ್ಜ ಕೊನೆವರೆಗೂ 'ಮರ್ಪಿ' ಅಂತಲೇ ಅನ್ನುತ್ತಿದ್ದರು. ಸೆಲ್ ಹಾಕಿ ನೋಡಿದೆ. ಗೊರ್ ಅಂತಿದೆ.