ಘಟ್ಟ ಇಳಿದು ಫತೋರ್ಡಾಕ್ಕೆ: ವಿಶ್ವಕಪ್ಪಿನ ಒಂದು ಗುಂಪಿನ ಬೆನ್ನು ಹತ್ತಿ

2017ರ ಅಕ್ಟೋಬರ್‌ನಲ್ಲಿ 17 ವರ್ಷದೊಳಗಿನವರ ಫಿಫಾ ವಿಶ್ವಕಪ್ ಭಾರತದಲ್ಲಿ ನಡೆದಾಗ ಪಂದ್ಯಗಳು ಸಿಕ್ಕಿದ್ದು ದೆಹಲಿ, ಕೋಲ್ಕತ್ತ, ಗುವಾಹಟಿ, ನವಿ ಮುಂಬೈ, ಕೊಚ್ಚಿ ಮತ್ತು ಗೋವಾಕ್ಕೆ. ಕರ್ನಾಟಕದ ಯಾವ ಊರೂ ಪಟ್ಟಿಯಲ್ಲಿರಲಿಲ್ಲ. ಬೆಳಗಾವಿಗೆ ಮಾತ್ರ ಅದು ಅಷ್ಟು ದೊಡ್ಡ ಕೊರತೆಯಲ್ಲ. ಮಡಗಾಂವಿನ ಫತೋರ್ಡಾ ಸ್ಟೇಡಿಯಂ ಇಲ್ಲಿಂದ ಸುಮಾರು 130 ಕಿಲೋಮೀಟರ್, ಬೆಂಗಳೂರಿನ ದೂರದಲ್ಲಿ ಕಾಲು ಭಾಗ. ಊರಿನ ಕ್ಯಾಂಪ್ ಪ್ರದೇಶದಲ್ಲಿ, ಟಿಳಕವಾಡಿಯ ಲೇಲೆ ಮೈದಾನದಲ್ಲಿ ಬೂಟು ಕಟ್ಟಿ ಬೆಳೆದವರಿಗೆ ವಿಶ್ವಮಟ್ಟದ ಫುಟ್‌ಬಾಲ್ ಇಷ್ಟು ಹತ್ತಿರ ಬರುವುದು ಅಪರೂಪ.

ಇಂಥ ಟೂರ್ನಿಗೆ ಹೊರಡುವ ಹೆಚ್ಚಿನವರು ಹೆಸರುವಾಸಿ ತಂಡದ ಪಂದ್ಯ ಯಾವತ್ತು ಎಂದು ನೋಡಿ ಟಿಕೆಟ್ ತೆಗೆಯುತ್ತಾರೆ. ಅದಕ್ಕಿಂತ ಒಂದು ಗುಂಪನ್ನು ಹಿಡಿದು ಅದರ ಬೆನ್ನು ಹತ್ತುವುದು ಮೇಲು. ಬಿಡುವು ಒಂದೇ ದಿನದ್ದಾದರೆ ಗುಂಪಿನ ಎರಡನೇ ಸುತ್ತಿನ ದಿನ ಹೋಗಬೇಕು. ಮೊದಲ ದಿನ ತಂಡಗಳು ಸೋಲಬಾರದೆಂದು ಆಡುತ್ತವೆ. ಕೊನೆಯ ದಿನ ಒಂದೋ ಎಲ್ಲ ತೀರ್ಮಾನವಾಗಿರುತ್ತದೆ, ಇಲ್ಲವೇ ತೀರ್ಮಾನದ ಅರ್ಧ ಭಾಗ ಇನ್ನೊಂದು ಊರಿನಲ್ಲಿ ನಡೆಯುತ್ತಿರುತ್ತದೆ. ಎರಡನೇ ದಿನವಾದರೆ ನಾಲ್ಕೂ ತಂಡಗಳು ನಿಮ್ಮ ಕಣ್ಣೆದುರೇ ಇರುತ್ತವೆ, ನಾಲ್ಕಕ್ಕೂ ಅಂಕ ಬೇಕಿರುತ್ತದೆ.

24 ತಂಡ, ನಾಲ್ಕರಂತೆ ಆರು ಗುಂಪು. ಗೋವಾಕ್ಕೆ ಬಂದದ್ದು ಸಿ ಗುಂಪು: ಜರ್ಮನಿ, ಇರಾನ್, ಗಿನಿ, ಕೋಸ್ಟರಿಕಾ. ಪಂದ್ಯದ ದಿನಗಳು ಅಕ್ಟೋಬರ್ 7, 10 ಮತ್ತು 13. ಸಂಜೆ 5ಕ್ಕೊಂದು, ರಾತ್ರಿ 8ಕ್ಕೊಂದು. ಶನಿವಾರ, ಮಂಗಳವಾರ, ಶುಕ್ರವಾರ. ನೌಕರಿಯವರಿಗೆ ರಜೆ ಹಾಕಲು ಎಲ್ಲಕ್ಕಿಂತ ಕಷ್ಟವಾದದ್ದು ವಾರದ ನಡುವಿನ ಮಂಗಳವಾರ.

ದಾರಿ ಮೂರು. ಮೊದಲನೆಯದು ಜಾಂಬೋಟಿ, ಕಣಕುಂಬಿ ಮೇಲಿಂದ ಚೋರ್ಲಾ ಘಟ್ಟ. ಮಲಪ್ರಭೆ ಹುಟ್ಟುವ ಕಣಕುಂಬಿ ದಾಟಿದ ಮೇಲೆ ಕಾಡು ದಟ್ಟವಾಗುತ್ತದೆ. ಕೆಳಗೆ ಕೇರಿ, ಸಾಂಖಳಿ. ಪಣಜಿಗೆ ಹೋಗುವವರಿಗೆ ಇದು ಸರಿ. ಮಡಗಾಂವಿಗೆ ಹೋಗುವವರು ಉತ್ತರ ಗೋವಾದಲ್ಲಿಳಿದು ಮತ್ತೆ ದಕ್ಷಿಣಕ್ಕೆ ಬರಬೇಕು. ಎರಡನೆಯದು ಖಾನಾಪುರ, ಲೋಂಡಾ, ರಾಮನಗರ, ಅನಮೋಡ ಘಟ್ಟ, ಮೊಲೆಮ್. ಮಡಗಾಂವಿಗೆ ನೇರ ದಾರಿ ಇದೇ. ಅಕ್ಟೋಬರ್ ಎಂದರೆ ಮಳೆಗಾಲ ಮುಗಿದ ಹೊಸತು, ಹೊಂಡಗಳಿಗೆ ತೇಪೆ ಬಿದ್ದಿರುವುದಿಲ್ಲ. ಖಾನಾಪುರ ದಾಟಿದ ಮೇಲೆ ಗಂಟೆಗೆ 30 ಕಿಲೋಮೀಟರಿನ ಲೆಕ್ಕ ಹಿಡಿಯುವುದೇ ಸರಿ. ಘಟ್ಟದ ತಿರುವಿನಲ್ಲಿ ಒಂದು ಲಾರಿ ಕೆಟ್ಟು ನಿಂತರೂ ಎರಡೂ ಕಡೆ ಸಾಲು ಕಟ್ಟುತ್ತದೆ. 5 ಗಂಟೆಯ ಪಂದ್ಯಕ್ಕೆ ಬೆಳಗ್ಗೆ 9ಕ್ಕೆ ಬೆಳಗಾವಿ ಬಿಟ್ಟರೆ ನೆಮ್ಮದಿ. 11ಕ್ಕೆ ಬಿಟ್ಟು ಅಂಥದ್ದೊಂದು ಲಾರಿ ಎದುರಾದರೆ ರಾಷ್ಟ್ರಗೀತೆ ತಪ್ಪಿತೆಂದೇ ತಿಳಿಯಬೇಕು.

ಮೂರನೆಯದು ರೈಲು. ಲೋಂಡಾದಿಂದ ಕ್ಯಾಸಲ್‌ರಾಕ್, ಅಲ್ಲಿಂದ ಬ್ರಗಾಂಝಾ ಘಟ್ಟ ಇಳಿದು ಕುಳೆಮ್, ಮಡಗಾಂವ್. 37 ಅಡಿ ಸಾಗಿದರೆ ಒಂದು ಅಡಿ ಇಳಿಯುವ ಕಡಿದಾದ ಹಳಿ. ಹತ್ತುವಾಗ ಹಿಂದಿನಿಂದ ತಳ್ಳಲು ಹೆಚ್ಚುವರಿ ಎಂಜಿನ್‌ಗಳನ್ನು ಜೋಡಿಸುತ್ತಾರೆ. ಅಕ್ಟೋಬರ್‌ನಲ್ಲಿ ದೂಧಸಾಗರ ಇನ್ನೂ ತುಂಬಿ ಬೀಳುತ್ತಿರುತ್ತದೆ. ಹೋಗುವಾಗ ರೈಲು ಒಳ್ಳೆಯದು. ಬರುವಾಗ ಅದನ್ನು ನಂಬಿ ಕೂರಬಾರದು: ರಾತ್ರಿ 8ರ ಪಂದ್ಯ ಮುಗಿಯುವುದು 10ಕ್ಕೆ ಹತ್ತಿರ, ಗೇಟಿನಿಂದ ಹೊರಬೀಳಲು ಇನ್ನರ್ಧ ಗಂಟೆ. ಮಡಗಾಂವಿನಲ್ಲೇ ಉಳಿಯುವುದು ಉತ್ತಮ. ಕೋಲ್ವಾ ಬೀಚಿನ ಕಡೆ ಹೋದರೆ ಬಾಡಿಗೆ ಏರುತ್ತದೆ. ಊರೊಳಗಿನ ಸಾದಾ ಲಾಡ್ಜ್ ಸಾಕು.

ಮಡಗಾಂವಿನಲ್ಲಿ ಭಾಷೆಯ ತೊಂದರೆಯಿಲ್ಲ. ಬಾಗಲಕೋಟೆ, ವಿಜಯಪುರ, ಗದಗ ಕಡೆಯಿಂದ ದುಡಿಯಲು ಬಂದವರು ಅಲ್ಲಿ ಬೇಕಾದಷ್ಟಿದ್ದಾರೆ. ಮಾರುಕಟ್ಟೆಯಲ್ಲಿ 'ಎಲ್ಲಿಂದ ಬಂದ್ರಿ ಅಣ್ಣಾರ?' ಎಂಬ ಪ್ರಶ್ನೆ ತಾನಾಗಿಯೇ ಬರುತ್ತದೆ. ಕದಂಬ ಬಸ್ ನಿಲ್ದಾಣದಿಂದ ಸ್ಟೇಡಿಯಂಗೆ ನಡೆದೇ ಹೋಗಬಹುದು. ಪಂದ್ಯದ ದಿನ ಸುತ್ತಲಿನ ರಸ್ತೆ ಮುಚ್ಚುವುದರಿಂದ ಗಾಡಿ ತಂದವರು ಅದನ್ನು ದೂರದಲ್ಲೇ ನಿಲ್ಲಿಸಿ ನಡೆಯಬೇಕು. ಬುತ್ತಿಯ ರೊಟ್ಟಿ, ಶೇಂಗಾ ಹಿಂಡಿಯನ್ನು ಮಧ್ಯಾಹ್ನವೇ ಮುಗಿಸಿಬಿಡಿ, ಒಳಗೆ ಬಿಡುವುದಿಲ್ಲ. ನೀರಿನ ಬಾಟಲಿ, ಪವರ್ ಬ್ಯಾಂಕ್, ದೊಡ್ಡ ಬ್ಯಾಗು ಇವೆಲ್ಲ ಗೇಟಿನಲ್ಲೇ ತಡೆಯುವ ಸಾಮಾನು. ಒಂದು ಮಡಚಿದ ಹಾಳೆ, ಒಂದು ಪೆನ್ಸಿಲ್ ಮಾತ್ರ ಖಂಡಿತ ಇರಲಿ. ಯಾಕೆಂದು ಮುಂದೆ ತಿಳಿಯುತ್ತದೆ.

ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಇಲ್ಲಿಯ ಗಾಳಿಗೆ ಒಗ್ಗಿದ ಮೈಗೆ ಮಡಗಾಂವಿನ ಸೆಕೆ ಕೂತಲ್ಲೇ ಬೆವರಿಳಿಸುತ್ತದೆ. ಆಡುವವರಿಗೂ ಅಷ್ಟೇ. 5 ಗಂಟೆಯ ಪಂದ್ಯದ ಮೊದಲರ್ಧ ಪೂರ್ತಿ ಬಿಸಿಲಿನಲ್ಲಿ; ಸೂರ್ಯ ಮುಳುಗುವುದು ಆರರ ಮೇಲೆ, ಅಂದರೆ ದ್ವಿತೀಯಾರ್ಧ ಶುರುವಾಗುತ್ತಿದ್ದಂತೆ. ಟಿಕೆಟ್ ತೆಗೆಯುವಾಗ ಪಶ್ಚಿಮದ ಸ್ಟ್ಯಾಂಡ್ ಕೇಳಬೇಕು, ಬಿಸಿಲು ಬೆನ್ನಿಗೆ ಬೀಳುತ್ತದೆ. ಗೋಲಿನ ಹಿಂದಿನ ಸೀಟು ಅಗ್ಗವೆಂದು ತೆಗೆದುಕೊಂಡರೆ ಎದುರಿನ ಅರ್ಧದ ಆಟ ಅರ್ಥವಾಗುವುದಿಲ್ಲ. ಮಧ್ಯಗೆರೆಯ ಆಸುಪಾಸಿನಲ್ಲಿ, ಆದಷ್ಟು ಮೇಲಿನ ಸಾಲಿನಲ್ಲಿ ಕೂತರೆ ತಂಡದ ಸಾಲುಗಳು ಕಾಣುತ್ತವೆ.

ಮೊದಲ ದಿನ ಜರ್ಮನಿ ಕೋಸ್ಟರಿಕಾವನ್ನು 2-1ರಿಂದ ಸೋಲಿಸಿತು, ಗೆಲುವಿನ ಗೋಲು ಬಂದದ್ದು 89ನೇ ನಿಮಿಷದಲ್ಲಿ. ರಾತ್ರಿ ಇರಾನ್ 3-1ರಿಂದ ಗಿನಿಯನ್ನು ಮಣಿಸಿತು.

10ನೇ ತಾರೀಖು ಸಂಜೆಯ ಪಂದ್ಯ ಸೋತ ತಂಡಗಳದ್ದು: ಕೋಸ್ಟರಿಕಾ ಮತ್ತು ಗಿನಿ. ರಾತ್ರಿಯ ಜರ್ಮನಿ-ಇರಾನ್ ನೋಡಿದರಾಯಿತು ಎಂದು ಇಂಥ ಪಂದ್ಯವನ್ನು ಬಿಡುವವರು ಬಹಳ. ಅದು ದೊಡ್ಡ ನಷ್ಟ. ಕೋಸ್ಟರಿಕಾ ಎರಡು ಸಲ ಮುಂದೆ ಹೋಯಿತು, ಗಿನಿ ಎರಡು ಸಲವೂ ಸಮ ಮಾಡಿತು, 2-2. ಆರು ಗುಂಪುಗಳ ಟೂರ್ನಿಯಲ್ಲಿ ಪ್ರತಿ ಗುಂಪಿನ ಮೊದಲ ಎರಡು ತಂಡಗಳ ಜತೆಗೆ ಮೂರನೇ ಸ್ಥಾನದ ಆರರಲ್ಲಿ ಒಳ್ಳೆಯ ನಾಲ್ಕು ಮುಂದೆ ಹೋಗುತ್ತವೆ. ಆ ವರ್ಷ ಹಾಗೆ ಹೋದವು ಅಮೆರಿಕ (6 ಅಂಕ), ನೈಜರ್ (3), ಹೊಂಡುರಾಸ್ (3), ಮೆಕ್ಸಿಕೊ (2). ಮೆಕ್ಸಿಕೊ ಒಂದೂ ಪಂದ್ಯ ಗೆದ್ದಿರಲಿಲ್ಲ! ಆ ಸಂಜೆ ಫತೋರ್ಡಾದಲ್ಲಿ ಗಿನಿ ಅಥವಾ ಕೋಸ್ಟರಿಕಾ ಇನ್ನೊಂದೇ ಗೋಲು ಹೊಡೆದು ಗೆದ್ದಿದ್ದರೆ 3 ಅಂಕವಾಗಿ ಮೆಕ್ಸಿಕೊದ ಜಾಗ ಅವರದಾಗುತ್ತಿತ್ತು. ಇಬ್ಬರೂ ಒಂದೊಂದು ಅಂಕ ಹಂಚಿಕೊಂಡು ಇಬ್ಬರೂ ಮನೆಗೆ ಹೋದರು. ಮೂರನೇ ಸ್ಥಾನಕ್ಕೂ ಬೆಲೆಯಿರುವ ಟೂರ್ನಿಯಲ್ಲಿ, ಮೊದಲ ಪಂದ್ಯ ಸೋತ ಎರಡು ತಂಡಗಳು ಸಮ ಮಾಡಿಕೊಳ್ಳುವುದು ಸೋಲಿಗೆ ಬಹಳ ಹತ್ತಿರ.

ರಾತ್ರಿ ಇರಾನ್ ಜರ್ಮನಿಯನ್ನು 4-0ಯಿಂದ ಬಡಿಯಿತು. ಯೂನೆಸ್ ದೆಲ್ಫಿ 6 ಮತ್ತು 42ನೇ ನಿಮಿಷದಲ್ಲಿ, ಅಲ್ಲಾಹ್ಯಾರ್ ಸಯ್ಯಾದ್ 49ನೇ ನಿಮಿಷದಲ್ಲಿ, ವಾಹಿದ್ ನಾಮ್ದಾರಿ 75ನೇ ನಿಮಿಷದಲ್ಲಿ. ಟಿವಿ ಚೆಂಡನ್ನು ತೋರಿಸುತ್ತದೆ. ಮೇಲಿನ ಸಾಲಿನಲ್ಲಿ ಕೂತವರು ಇಂಥ ಪಂದ್ಯದಲ್ಲಿ ಚೆಂಡು ಬಿಟ್ಟು ಹಿಂದಿನ ನಾಲ್ವರನ್ನು ನೋಡಬೇಕು. ಚೆಂಡು ತಮ್ಮ ಬಳಿಯೇ ಇರಬೇಕೆನ್ನುವ ತಂಡದ ರಕ್ಷಣಾ ಸಾಲು ಮಧ್ಯಗೆರೆಯ ಹತ್ತಿರಕ್ಕೆ ಏರಿ ಬರುತ್ತದೆ, ಗೋಲ್‌ಕೀಪರ್‌ಗೂ ಅವರಿಗೂ ನಡುವೆ ಮೈದಾನದ ಮೂರನೇ ಒಂದು ಭಾಗ ಖಾಲಿ ಬೀಳುತ್ತದೆ. ಎದುರಾಳಿ ತನ್ನ ಅರ್ಧದಲ್ಲೇ ಗುಂಪಾಗಿ ನಿಂತು ಚೆಂಡು ಕಸಿದ ಕೂಡಲೇ ಆ ಖಾಲಿ ಜಾಗಕ್ಕೆ ಕಳಿಸುತ್ತಾನೆ. ಇರಾನಿನ ಮರುದಾಳಿಯ ಬಲ ಇದೇ. ಬೇಗ ಒಂದು ಗೋಲು ಬಿಟ್ಟುಕೊಟ್ಟ ತಂಡ ಸಮ ಮಾಡುವ ಅವಸರದಲ್ಲಿ ಇನ್ನಷ್ಟು ಮೇಲೇರುತ್ತದೆ, ಖಾಲಿ ಜಾಗ ಇನ್ನಷ್ಟು ದೊಡ್ಡದಾಗುತ್ತದೆ. ಆ ಸೆಕೆಯಲ್ಲಿ, ಎರಡು ದಿನದ ವಿಶ್ರಾಂತಿಯ ಮೇಲೆ, ಹದಿನೇಳರ ಹುಡುಗರು ಹಿಂದಕ್ಕೆ ಓಡುವಷ್ಟರಲ್ಲಿ ಆಟ ಮುಗಿದಿರುತ್ತದೆ.

ಈಗ ಆ ಹಾಳೆ ತೆಗೆಯಬೇಕು. ನಾಲ್ಕು ಸಾಲು, ಆಡಿದ್ದು, ಹೊಡೆದ ಗೋಲು, ಬಿಟ್ಟ ಗೋಲು, ಅಂಕ ಎಂದು ನಾಲ್ಕು ಕಲಮು. 10ರ ರಾತ್ರಿ ಲಾಡ್ಜಿಗೆ ಬಂದು ಬರೆದರೆ ಹೀಗಿರುತ್ತದೆ: ಇರಾನ್ 7-1, 6 ಅಂಕ. ಜರ್ಮನಿ 2-5, 3 ಅಂಕ. ಕೋಸ್ಟರಿಕಾ 3-4, 1 ಅಂಕ. ಗಿನಿ 3-5, 1 ಅಂಕ. ಇರಾನ್ ಮುಂದೆ ಹೋಗುವುದು ಖಚಿತ. ಜರ್ಮನಿಯನ್ನು ಸೋಲಿಸಿದರೆ ಗಿನಿ 4 ಅಂಕದೊಂದಿಗೆ ಅದನ್ನು ಹಿಂದೆ ಹಾಕುತ್ತದೆ. ಇರಾನನ್ನು ಸೋಲಿಸಿದರೆ ಕೋಸ್ಟರಿಕಾಕ್ಕೂ 4.

ಮೂರನೇ ದಿನದ ತೊಡಕು ಇಲ್ಲಿಯೇ. ಗುಂಪಿನ ಕೊನೆಯ ಎರಡು ಪಂದ್ಯಗಳು ಒಂದೇ ಹೊತ್ತಿಗೆ ಶುರುವಾಗಬೇಕು. 1982ರ ವಿಶ್ವಕಪ್‌ನಲ್ಲಿ ಅಲ್ಜೀರಿಯಾ ತನ್ನ ಪಂದ್ಯ ಹಿಂದಿನ ದಿನವೇ ಮುಗಿಸಿತ್ತು. ಮರುದಿನ ಸ್ಪೇನಿನ ಹಿಹೋನ್‌ನಲ್ಲಿ ಪಶ್ಚಿಮ ಜರ್ಮನಿ 1-0 ಗೆದ್ದರೆ ತಾನೂ ಆಸ್ಟ್ರಿಯಾವೂ ಮುಂದೆ ಹೋಗುತ್ತವೆ ಎಂಬುದು ಇಬ್ಬರಿಗೂ ಗೊತ್ತಿತ್ತು. 10ನೇ ನಿಮಿಷದಲ್ಲಿ ಗೋಲು ಬಿತ್ತು, ಆಮೇಲೆ ಯಾರೂ ಆಡಲಿಲ್ಲ. ಅಲ್ಜೀರಿಯಾ ಹೊರಬಿತ್ತು. 1986ರ ವಿಶ್ವಕಪ್‌ನಿಂದ ಒಂದೇ ಹೊತ್ತಿನ ನಿಯಮ ಬಂತು. ಒಂದೇ ಹೊತ್ತು ಎಂದರೆ ಎರಡು ಮೈದಾನ ಬೇಕು. ಅದಕ್ಕೇ 13ರಂದು ಗೋವಾ ಮತ್ತು ಕೊಚ್ಚಿ ಪಂದ್ಯಗಳನ್ನು ಅದಲುಬದಲು ಮಾಡಿಕೊಂಡವು. 5 ಗಂಟೆಗೆ ಫತೋರ್ಡಾದಲ್ಲಿ ಇರಾನ್-ಕೋಸ್ಟರಿಕಾ, ಕೊಚ್ಚಿಯಲ್ಲಿ ಜರ್ಮನಿ-ಗಿನಿ. ರಾತ್ರಿ ಡಿ ಗುಂಪಿನ ಬ್ರೆಜಿಲ್-ನೈಜರ್ ಗೋವಾಕ್ಕೆ ಬಂತು. ಹಳದಿ ಅಂಗಿ ನೋಡಬೇಕೆನ್ನುವವರಿಗೆ ಇದು ಹಬ್ಬ. ಬ್ರೆಜಿಲ್ 2-0 ಗೆದ್ದಿತು. ಸಿ ಗುಂಪಿನ ಬೆನ್ನು ಹತ್ತಿ ಬಂದವರು ಮಾತ್ರ ಕಣ್ಣು ಮೈದಾನದ ಮೇಲಿಟ್ಟು ಮನಸ್ಸು ಕೊಚ್ಚಿಯಲ್ಲಿಟ್ಟು ಕೂರಬೇಕು. ಗೋಲು ಬಿದ್ದ ಗಳಿಗೆಗೇ ಎಲ್ಲರೂ ಫೋನು ತೆಗೆದು ಸ್ಟೇಡಿಯಂನಲ್ಲಿ ನೆಟ್‌ವರ್ಕ್ ಕಟ್ಟಿಹೋಗುವುದರಿಂದ, ಊರಲ್ಲಿ ಟಿವಿ ಮುಂದೆ ಕೂತ ಒಬ್ಬರಿಗೆ ಸ್ಕೋರು ಎಸ್ಸೆಮ್ಮೆಸ್ ಮಾಡಲು ಮೊದಲೇ ಹೇಳಿಡುವುದು ಒಳ್ಳೆಯದು.

ಇರಾನ್ 3-0, ಜರ್ಮನಿ 3-1. ಹಾಳೆಯ ಕೊನೆಯ ಲೆಕ್ಕ: ಇರಾನ್ 9 ಅಂಕ, 10-1. ಜರ್ಮನಿ 6 ಅಂಕ, 5-6. ಹೊಡೆದದ್ದಕ್ಕಿಂತ ಹೆಚ್ಚು ಗೋಲು ಬಿಟ್ಟುಕೊಟ್ಟೂ ಎರಡನೇ ಸ್ಥಾನ. ಗಿನಿ 4-8, ಕೋಸ್ಟರಿಕಾ 3-7. ಇಬ್ಬರಿಗೂ 1 ಅಂಕ, ಇಬ್ಬರ ಗೋಲು ಅಂತರವೂ ಮೈನಸ್ 4. ಹೆಚ್ಚು ಗೋಲು ಹೊಡೆದ ಗಿನಿ ಮೂರನೆಯದು. ಈ ಕ್ರಮ ಎಲ್ಲ ಟೂರ್ನಿಗೂ ಒಂದೇ ಅಲ್ಲ. ಯೂರೋ ಮತ್ತು ಏಷ್ಯನ್ ಕಪ್‌ನಲ್ಲಿ ಅಂಕ ಸಮವಾದಾಗ ಮೊದಲು ಆ ತಂಡಗಳ ನಡುವಿನ ಪಂದ್ಯದ ಫಲಿತಾಂಶ ನೋಡುತ್ತಾರೆ. ಮೈದಾನದಲ್ಲಿ ಪಕ್ಕದವರೊಡನೆ ವಾದಕ್ಕಿಳಿಯುವ ಮುಂಚೆ ಆಯಾ ಟೂರ್ನಿಯ ನಿಯಮ ಓದಿಕೊಂಡಿರಬೇಕು.

ಟಿಕೆಟ್ ವಿಷಯದಲ್ಲಿ ಇನ್ನೊಂದು ಮಾತು. ನಾಕೌಟಿನಲ್ಲಿ ಯಾವ ಸ್ಥಾನದವರು ಯಾವ ಊರಿಗೆ ಎಂಬುದು ವೇಳಾಪಟ್ಟಿಯಲ್ಲಿ ಮೊದಲೇ ಅಚ್ಚಾಗಿರುತ್ತದೆ. ಸಿ ಗುಂಪಿನ ಎರಡನೇ ಸ್ಥಾನದ ಜರ್ಮನಿ ದೆಹಲಿಗೆ ಹೋಗಿ ಕೊಲಂಬಿಯಾವನ್ನು 4-0ಯಿಂದ ಸೋಲಿಸಿತು. ಮೊದಲ ಸ್ಥಾನದ ಇರಾನ್ ಗೋವಾದಲ್ಲೇ ಉಳಿಯಿತು. ವೇಳಾಪಟ್ಟಿ ಓದಿಕೊಂಡವರು 10ರ ರಾತ್ರಿಯೇ 17ರ ಟಿಕೆಟ್ ತೆಗೆಯಬಹುದಿತ್ತು: ಗೋಲು ಅಂತರದಲ್ಲಿ ಇರಾನ್ ಅಷ್ಟು ಮುಂದಿತ್ತು. ಅಂದು ಎದುರಾಳಿಯಾಗಿ ಬಂದದ್ದು ಎರಡೇ ಅಂಕದ ಮೆಕ್ಸಿಕೊ. ಇರಾನ್ 2-1ರಿಂದ ಗೆದ್ದು ಕ್ವಾರ್ಟರ್‌ಫೈನಲ್‌ಗೆ ಕೊಚ್ಚಿಯ ಹಾದಿ ಹಿಡಿಯಿತು.