ಚಗಳಿ ಇರುವೆಯ ಕುಲ: ಬಣ್ಣ ನೋಡಿ ಪ್ರಭೇದ ಹೇಳಬೇಡಿ

ಮರಿಹುಳುಗಳ ರೇಷ್ಮೆಯಿಂದ ಹಸಿ ಎಲೆಗಳನ್ನು ಹೊಲಿದು ಗೂಡು ಕಟ್ಟುವ ಚಗಳಿ ಇರುವೆ ಈಕೋಫಿಲ್ಲ ಕುಲದ್ದು. ಫಾರ್ಮಿಸಿನೆ ಉಪಕುಟುಂಬದ ಈ ಕುಲವನ್ನು 1860ರಲ್ಲಿ ಫ್ರೆಡರಿಕ್ ಸ್ಮಿತ್ ಹೆಸರಿಸಿದರು. ಇಂದು ಬದುಕಿರುವುದು ಎರಡೇ ಪ್ರಭೇದ. ಸಹಾರಾದ ದಕ್ಷಿಣದ ಆಫ್ರಿಕಾದಲ್ಲಿ ಲಾಂಜಿನೋಡ; ಭಾರತ, ಶ್ರೀಲಂಕಾದಿಂದ ಆಗ್ನೇಯ ಏಷ್ಯಾ ದಾಟಿ ಉತ್ತರ ಆಸ್ಟ್ರೇಲಿಯಾ, ಸಾಲೊಮನ್ ದ್ವೀಪಗಳವರೆಗೆ ಸ್ಮರಾಗ್ಡಿನ. ಎರಡರ ನೆಲೆಗಳು ಎಲ್ಲೂ ಬೆರೆಯುವುದಿಲ್ಲ. ಹಿಡಿದ ಜಾಗ ಮಾದರಿಯ ಚೀಟಿಯಲ್ಲಿ ಸರಿಯಾಗಿ ದಾಖಲಾಗಿದ್ದರೆ ಪ್ರಭೇದದ ಪ್ರಶ್ನೆ ಬಹುಪಾಲು ಮುಗಿದಂತೆಯೇ.

ಎಡವುವುದು ಕುಲ ಗುರುತಿಸುವಾಗ. ಗೂಡನ್ನು ನಂಬಬೇಡಿ, ಪಾಲಿರಾಕಿಸ್ ಎಂಬ ಇನ್ನೊಂದು ಇರುವೆ ಕುಲದ ಕೆಲವು ಪ್ರಭೇದಗಳೂ ರೇಷ್ಮೆಯಿಂದಲೇ ನೇಯುತ್ತವೆ. ಮೊದಲು ಸೊಂಟ ನೋಡಿ: ಒಂದೇ ಗಂಟು, ಅದೂ ಉದ್ದ ಮತ್ತು ತಗ್ಗು. ಕೆಣಕಿದರೆ ಹೊಟ್ಟೆಯನ್ನು ಬೆನ್ನಿನ ಮೇಲಕ್ಕೆ ಮಡಚುತ್ತದೆ. ಕ್ರೆಮಟೊಗ್ಯಾಸ್ಟರ್ ಕುಲದ ಇರುವೆ ಕೂಡ ಹೀಗೇ ಹೊಟ್ಟೆ ಎತ್ತುತ್ತದೆ, ಆದರೆ ಅದರ ಸೊಂಟಕ್ಕೆ ಎರಡು ಗಂಟು. ಈಕೋಫಿಲ್ಲಕ್ಕೆ ಕೊಂಡಿ ಇಲ್ಲ. ಕಚ್ಚಿ, ಗಾಯಕ್ಕೆ ಫಾರ್ಮಿಕ್ ಆಮ್ಲ ಚಿಮ್ಮಿಸುತ್ತದೆ. ದವಡೆಯ ತುದಿಯ ಹಲ್ಲು ಉದ್ದವಾಗಿ ಬಾಗಿದೆ, ಅದರ ಹಿಂದೆ ಸಣ್ಣ ಹಲ್ಲುಗಳ ಸಾಲು.

ಹೆಚ್ಚು ಗೊಂದಲ ಸಣ್ಣ ಕೆಲಸಗಾರರಲ್ಲಿ. ಇವು ಗೂಡಿನೊಳಗೆ ಮರಿ ಸಾಕುತ್ತವೆ, ಹೊರಗೆ ಕಾಣುವುದು ಅಪರೂಪ. ಗಾತ್ರ ದೊಡ್ಡವುಗಳ ಅರ್ಧದಷ್ಟು, ಮೈಬಣ್ಣ ಹಳದಿ. ಹಳದಿ ಕ್ರೇಜಿ ಇರುವೆ ಎಂದು ತಪ್ಪು ತಿಳಿಯುವುದು ಸುಲಭ. ಮಸೂರದಡಿ ಮೀಸೆಯ ಗಂಟು ಎಣಿಸಿ: ಚಗಳಿಗೆ 12, ಕ್ರೇಜಿ ಇರುವೆಗೆ 11. ಹೊರಗೆ ಓಡಾಡುವ 'ಚಗಳಿ'ಗೆ ಎಂಟು ಕಾಲಿದ್ದರೆ ಅದು ಅನುಕರಿಸುವ ಜೇಡ.

ಬಣ್ಣ ಮಾತ್ರ ಪಕ್ಕಾ ಮೋಸಗಾರ. ಭಾರತದ ಕೆಲಸಗಾರರು ಕೆಂಗಿತ್ತಳೆ, ಆಸ್ಟ್ರೇಲಿಯಾದವುಗಳ ಹೊಟ್ಟೆ ಹಸಿರು, ಪ್ರಭೇದ ಒಂದೇ. ಭಾರತದಲ್ಲೂ ರಾಣಿ ಹಸಿರಾಗಿರುತ್ತಾಳೆ. ಒಂಟಿಯಾಗಿ ಸಿಕ್ಕರೆ ಬೇರೆಯದೇ ಇರುವೆ ಅನ್ನಿಸುತ್ತದೆ. ಆಲ್ಕೋಹಾಲ್‌ನಲ್ಲಿ ಈ ಹಸಿರು ಉಳಿಯುವುದಿಲ್ಲ, ಜೀವಂತವಿದ್ದಾಗಲೇ ಫೋಟೊ ತೆಗೆಯಿರಿ.

ಪಳೆಯುಳಿಕೆಗಳನ್ನು ಸೇರಿಸಿದರೆ ಚಿತ್ರವೇ ಬದಲಾಗುತ್ತದೆ. ಸುಮಾರು 4.7 ಕೋಟಿ ವರ್ಷ ಹಳೆಯ ಜರ್ಮನಿಯ ಮೆಸೆಲ್ ಶಿಲೆಗಳಲ್ಲೂ ಬಾಲ್ಟಿಕ್ ಅಂಬರ್‌ನಲ್ಲೂ (ಗಟ್ಟಿಯಾದ ಪ್ರಾಚೀನ ಮರದಂಟು) ಈ ಕುಲವಿದೆ. ಯುರೋಪ್ ಬೆಚ್ಚಗಿದ್ದ ಕಾಲ ಅದು. ಎಲೆಗೂಡಿಗೆ ಮಣ್ಣಿನ ರಕ್ಷಣೆ ಇಲ್ಲ, ಚಳಿ ನೇರ ಮರಿಗಳಿಗೇ ತಟ್ಟುತ್ತದೆ. ಇಂದು ಈ ಕುಲ ಉಷ್ಣವಲಯ ಬಿಟ್ಟು ದೂರ ಹೋಗಿಲ್ಲ.

ಸ್ಮರಾಗ್ಡಿನದೊಳಗೂ ವಂಶವಾಹಿ ಅಧ್ಯಯನಗಳು ಹಲವು ಕವಲುಗಳನ್ನು ತೋರಿಸಿವೆ: ಭಾರತದ್ದು ಒಂದು, ಇಂಡೊನೇಷ್ಯಾದ ಸುಲವೇಸಿಯದು ಇನ್ನೊಂದು, ನ್ಯೂಗಿನಿ–ಆಸ್ಟ್ರೇಲಿಯಾದ್ದು ಮತ್ತೊಂದು. ಆದ್ದರಿಂದ ಮಾದರಿಯನ್ನು ಶೇ. 95ರ ಎಥನಾಲ್‌ನಲ್ಲಿಡಿ, ಜಿಪಿಎಸ್, ದಿನಾಂಕ, ಮರದ ಹೆಸರು, ದೊಡ್ಡ ಮತ್ತು ಸಣ್ಣ ಕೆಲಸಗಾರರು ಎರಡೂ ಇರಲಿ.